ಪ್ರಶ್ನೆಯಿಲ್ಲದ ಮೂರು ಕಾಗದಗಳು

ನನ್ನ ತಂಗಿಯ ಮೊಮ್ಮಗಳು ಈ ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದಳು. ಸೇರಿದ ಮೂರನೇ ದಿನವೇ ನನ್ನ ಹತ್ತಿರ ಬಂದು, "ಅಜ್ಜಾ, ಇಂಗ್ಲಿಷ್‌ನಾಗೆ ಕಾಗದ ಬರಿಯಾಕೆ ಹೇಳ್ತಾರೆ. ನೀನು ಮೂವತ್ತು ವರ್ಷ ಅದನ್ನೇ ಮಾಡಿದೋನು. ಹೆಂಗ್ ಬರೀಬೇಕು?" ಎಂದು ಕೇಳಿದಳು.

"ಏನು ಬೇಕೋ ಅದನ್ನ ಬರಿ" ಎಂದೆ.

"ಅಷ್ಟೇನಾ?" ಎಂದಳು. ಅವಳ ಮುಖ ನೋಡಿದರೆ ಅಜ್ಜನಿಗೆ ವಯಸ್ಸಾಯಿತು ಎಂದುಕೊಂಡ ಹಾಗಿತ್ತು.

ಅಷ್ಟೇ. ಆದರೆ ಆ ಅಷ್ಟನ್ನು ಕಲಿಯಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಲಿಯುವಷ್ಟರಲ್ಲಿ ಒಬ್ಬ ತಾಯಿಗೂ ಅವಳ ಮಗನಿಗೂ ನನ್ನಿಂದ ಅನ್ಯಾಯವಾಗಿತ್ತು. ಅದನ್ನು ಮೊಮ್ಮಗಳಿಗೆ ಬಾಯಿಂದ ಹೇಳಲಾರದೆ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿದೆ. ಅದನ್ನು ಇಲ್ಲಿ ತಂದು ಯಾರಿಗೂ ಬೇಸರ ಮಾಡುವುದಿಲ್ಲ.

ನಮ್ಮೂರು ಬಸವಾಪಟ್ಟಣ. ದಾವಣಗೆರೆಯಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದಾಗ ನಮ್ಮ ಸುತ್ತಮುತ್ತ ಇಂಗ್ಲಿಷ್ ಬಲ್ಲವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಯಾರ ಮನೆಗೆ ತಂತಿ ಬಂದರೂ ಓದಲು ನನ್ನನ್ನು ಕರೆಯುತ್ತಿದ್ದರು. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ರುದ್ರಪ್ಪನವರು ನನ್ನನ್ನು ಇಂಗ್ಲಿಷ್ ಗುಮಾಸ್ತನಾಗಿ ಇಟ್ಟುಕೊಂಡರು. ಅವರಿಗೆ ನಾಗಪುರದ ಕಡೆಯ ವ್ಯಾಪಾರಿಗಳ ಜೊತೆ ವ್ಯವಹಾರ. ಎದುರು ಸಾಲಿನ ಮಂಡಿಯವರಿಗೂ ಒಬ್ಬ ಇಂಗ್ಲಿಷ್ ಗುಮಾಸ್ತ ಇದ್ದನಾದ್ದರಿಂದ ಇವರಿಗೂ ಒಬ್ಬ ಬೇಕಾಗಿತ್ತು, ಅಷ್ಟೇ.

ಒಂದು ಮಳೆಗಾಲ ರುದ್ರಪ್ಪನವರು ಎಲೆ ಅಡಿಕೆ ಮೆಲ್ಲುತ್ತ, "ನಾಗಪುರದ ಸೇಠ್‌ಗೆ ಒಂದು ಕಾಗದ ಬರಿಯಪ್ಪ. ಮಳೆ ಹಿಡಕಂಡೈತೆ, ಅಡಿಕೆ ಒಣಗಿಲ್ಲ, ಎಂಟು ದಿನ ತಡ ಆಗ್ತೈತೆ ಅಂತ" ಎಂದರು.

ಮೂರು ಮಾತು. ಅದನ್ನು ಮೂರೇ ಮಾತಿನಲ್ಲಿ ಬರೆದರೆ ನಾನು ಓದಿದ್ದಕ್ಕೆ ಏನು ಬೆಲೆ? ನಾಲ್ಕು ಪುಟ ಬರೆದೆ. ಅತೀವ ವಿಷಾದದಿಂದ ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇವೆ ಎಂದು ಶುರು ಮಾಡಿ, ವಿಧಿಯ ಕ್ರೂರತೆ, ಮನುಷ್ಯ ಪ್ರಯತ್ನದ ಅಲ್ಪತೆ, ನಮ್ಮ ಮಂಡಿ ಮುಳುಗಿರುವ ಸಂಕಟ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ, ಮೂರನೇ ಪುಟದ ಕೊನೆಗೆ ಅಡಿಕೆಯನ್ನು ತಂದೆ. ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡು ಸಂತೋಷಪಟ್ಟೆ.

ಹತ್ತು ದಿನಕ್ಕೆ ದಾವಣಗೆರೆ ಬಸ್ಸಿನಿಂದ ಸೇಠರ ಏಜೆಂಟ್ ಇಳಿದ. ಮಂಡಿಗೆ ಬಂದವನು ಚಪ್ಪಲಿ ಬಿಟ್ಟು, ರುದ್ರಪ್ಪನವರ ಪಕ್ಕದಲ್ಲಿ ಕುಳಿತು, ಅವರ ಕೈ ಹಿಡಿದುಕೊಂಡ. ಅವರಿಗೆ ಗಾಬರಿಯಾಯಿತು.

"ಯಾವಾಗ ಆತ್ರಿ?" ಎಂದ ಏಜೆಂಟ್.

"ಏನು ಯಾವಾಗ ಆತು?"

"ಸೇಠರು ತಂತಿ ಕೊಟ್ಟಿದ್ರು. ರುದ್ರಪ್ಪನೋರ ಮನೇಲಿ ದೊಡ್ಡೋರು ಯಾರೋ ತೀರಿಕೊಂಡಾರೆ, ಹೋಗಿ ಮಾತಾಡಿಸ್ಕಂಡು ಬಾ ಅಂತ."

ರುದ್ರಪ್ಪನವರು ನನ್ನ ಕಡೆ ತಿರುಗಿದರು. ನಾನು ಇಂಕಿನ ದೌತಿಯ ಕಡೆ ತಿರುಗಿದೆ. ವಿಷಯ ತಿಳಿದ ಮೇಲೆ ಅವರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಪ್ಪಾ, ನಿನ್ನ ಇಂಗ್ಲಿಷ್ ಎಂಥಾ ಗಟ್ಟಿ ಐತೆ ನೋಡು. ನಾಗಪುರದಾಗೆ ಕುಂತೋರನ್ನ ಅಳಿಸಿಬಿಡ್ತು" ಎಂದರು. ನಾನು ಆ ಮಾತನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಇಪ್ಪತ್ತರ ವಯಸ್ಸು, ಬುದ್ಧಿ ಅಷ್ಟೇ ಇತ್ತು.

ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ ಹೊನ್ನಾಳಿಗೆ ಹೋದೆ. ತಾಲ್ಲೂಕಿಗೆ ಅಮಲ್ದಾರರು ದೊಡ್ಡವರು, ಈಗ ಅವರನ್ನೇ ತಹಶೀಲ್ದಾರ್ ಎನ್ನುತ್ತಾರೆ. ಅವರ ಕೆಳಗೆ ಗುಮಾಸ್ತರಿಗೆಲ್ಲ ಯಜಮಾನರು ಶಿರಸ್ತೇದಾರ್. ನಮ್ಮ ಶಿರಸ್ತೇದಾರ್ ವೆಂಕಟಾಚಾರ್ಯರು ಬಿಳಿ ರುಮಾಲು ಸುತ್ತಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂರುತ್ತಿದ್ದರು. ನನ್ನ ಕರಡು ಪತ್ರಗಳನ್ನು ಓದಿ, "ಎಷ್ಟು ಬೋಳಾಗಿದೆಯೋ ಇದು! ಮದುವೆ ಮನೆಗೆ ಬರೀ ಹಣೆಯಲ್ಲಿ ಬಂದ ಹಾಗಿದೆ" ಎನ್ನುತ್ತಿದ್ದರು. ನಾಲ್ಕು ಪುಟ ಬರೆದವನ ಕಾಗದ ಅವರಿಗೆ ಬೋಳು!

ಅವರ ಪದ್ಧತಿ ಹೀಗಿತ್ತು. ಮೊದಲು, ಈ ವಿಷಯದಲ್ಲಿ ಹಿಂದೆ ಆದ ಪತ್ರಗಳಷ್ಟರ ನಂಬರು, ತಾರೀಖು. ಆಮೇಲೆ ಮೇಲಧಿಕಾರಿಗಳಿಗೆ ನಿವೇದಿಸಿಕೊಳ್ಳುವ ಗೌರವ ನನಗೆ ಲಭಿಸಿದೆ ಎಂಬ ಒಂದು ಉದ್ದದ ಸಾಲು. ಆಮೇಲೆ ವಿಷಯದ ಪೂರ್ವಚರಿತ್ರೆ. ಏನು ಬೇಕು ಎಂಬುದು ಕಟ್ಟಕಡೆಗೆ, ವಿಧೇಯ ಸೇವಕನ ಸಹಿಗೆ ಒಂದು ಗೇಣು ಮೇಲೆ. ಕೇಳುವುದನ್ನು ಮೊದಲೇ ಕೇಳಿಬಿಟ್ಟರೆ ಅದು ಮರ್ಯಾದೆಗೆಟ್ಟ ಕಾಗದ. ಅವರ ಬಳಿ ಇಂಥ ಇಂಗ್ಲಿಷ್ ಮಾತುಗಳನ್ನು ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಇತ್ತು. ನನ್ನ ಮೇಲಿನ ಪ್ರೀತಿಗೆ ಅದನ್ನು ನಕಲು ಮಾಡಿಕೊಳ್ಳಲು ಕೊಟ್ಟರು. ಎರಡು ವಾರ ಕೂತು ಪೂರ್ತಿ ಇಳಿಸಿಕೊಂಡೆ. ಕೆಂಪು ಬಟ್ಟೆಯ ರಟ್ಟು ಹಾಕಿಸಿದ ಆ ಪುಸ್ತಕ ನನ್ನ ಜೊತೆ ಊರೂರಿಗೆ ಬಂತು.

ಆ ಪದ್ಧತಿಯ ಫಲವನ್ನು ಮುಂದೆ ವರ್ಗವಾಗಿ ಹೋದ ನ್ಯಾಮತಿಯಲ್ಲಿ ಉಂಡೆ. ಅಲ್ಲಿದ್ದದ್ದು ಸಣ್ಣ ಕಚೇರಿ. ಮುಂಗಾರು ಹಿಡಿಯುತ್ತಿದ್ದಂತೆ ದಾಖಲೆ ಕೋಣೆಯ ಹೆಂಚಿನ ಮಾಡು ಸೋರಲು ಶುರುವಾಯಿತು. ಹಳೇ ಕಡತಗಳನ್ನು ಮೂಲೆಯಿಂದ ಮೂಲೆಗೆ ಹೊತ್ತು ಹೊತ್ತು ನಮ್ಮ ಜವಾನ ಹಾಲಪ್ಪನ ಬೆನ್ನು ಬಿದ್ದುಹೋಯಿತು. ನಾನು ಜಿಲ್ಲಾ ಕಚೇರಿಗೆ ಪತ್ರ ಬರೆದೆ. ಕಟ್ಟಡ ಯಾವಾಗ ಕಟ್ಟಿದ್ದು, ಹಿಂದೆ ಯಾರು ಯಾರು ಯಾವ ಯಾವ ರಿಪೇರಿ ಮಾಡಿಸಿದರು, ದಾಖಲೆಗಳ ಮಹತ್ವವೇನು, ಎಲ್ಲ ಬಂತು. ಮಾಡು ಸೋರುತ್ತಿದೆ, ಕೂಡಲೇ ಹೆಂಚು ಹಾಕಿಸಿ ಎಂಬ ಮಾತು ಐದನೇ ಪುಟದಲ್ಲಿ ಬಂತು. ಜಿಲ್ಲಾ ಕಚೇರಿಯ ಗುಮಾಸ್ತನೂ ನನ್ನಂಥ ಮನುಷ್ಯನೇ. ಅವನು ಮೊದಲ ಪುಟ ಓದಿ, ಕಟ್ಟಡಗಳ ಇತಿಹಾಸ ಎಂದು ಬರೆದು ಕಡತಕ್ಕೆ ಸೇರಿಸಿದ.

ನಾನು ಮತ್ತೆ ಮತ್ತೆ ನೆನಪಿಸಿ, ಕೊನೆಗೆ ಇಂಜಿನಿಯರ್ ಕಚೇರಿಯಿಂದ ಓವರ್‌ಸಿಯರ್ ಬಂದಾಗ ಸಂಕ್ರಾಂತಿ ಕಳೆದಿತ್ತು. ಅವರು ಕೋಣೆಯ ನಡುವೆ ನಿಂತು, ತಲೆ ಎತ್ತಿ, ಸುತ್ತಲೂ ನೋಡಿ, "ಎಲ್ಲಿ ಸೋರ್ತಿದೆ?" ಎಂದರು.

ಹಾಲಪ್ಪ ಕೈಕಟ್ಟಿ ನಿಂತು ಹೇಳಿದ: "ಈಗ ಸೋರಂಗಿಲ್ರಿ ಸಾಹೇಬ್ರೆ. ಈಗ ಮಳಿ ಎಲ್ಲೈತ್ರಿ? ಸೋರೋದ್ ನೋಡಬೇಕಂದ್ರೆ ಇನ್ನೊಂದ್ ಐದು ತಿಂಗಳು ಕುಂದರಬೇಕ್ ನೀವು."

ಅದೇ ನ್ಯಾಮತಿಯಲ್ಲಿ ನಮಗೆ ಮೊದಲ ಟೈಪ್‌ರೈಟರ್ ಬಂತು. ಅಲ್ಲಿವರೆಗೆ ಎಲ್ಲ ಉಕ್ಕಿನ ಮುಳ್ಳಿನ ಲೇಖನಿ, ದೌತಿ, ಒತ್ತುಕಾಗದ. ಕೈಬರಹ ಚೆನ್ನಾಗಿದ್ದವನಿಗೆ ಉದ್ದ ಬರೆಯುವುದು ಕಷ್ಟವಲ್ಲ, ನೀರು ಹರಿದ ಹಾಗೆ ಹರಿಯುತ್ತದೆ. ಟೈಪ್ ಮಾಡುವಾಗ ಒಂದೊಂದು ಅಕ್ಷರಕ್ಕೂ ಬೆರಳು ನೋಯುತ್ತದೆ. ವೆಂಕಟಾಚಾರ್ಯರ ಆ ಗೌರವದ ಸಾಲನ್ನು ದಿನಕ್ಕೆ ಇಪ್ಪತ್ತು ಸಲ ಕುಟ್ಟುವಾಗ ಮೊದಲ ಬಾರಿಗೆ ನನಗೆ ಇದು ಯಾಕೆ ಬೇಕು ಎನ್ನಿಸಿತು. ಅನ್ನಿಸಿದ್ದಷ್ಟೇ, ಬಿಡಲಿಲ್ಲ. ಚಾಳಿ ಬಿಡುವುದು ಸುಲಭವೇ?

ಯುದ್ಧ ಶುರುವಾದ ಮೇಲೆ ನನ್ನನ್ನು ಜಿಲ್ಲೆ ಬದಲಾಯಿಸಿ ಜಗಳೂರಿಗೆ ಹಾಕಿದರು. ಹೊನ್ನಾಳಿಯ ಹೊಳೆ ನೋಡಿದವನಿಗೆ ಜಗಳೂರಿನ ಬಯಲು ಮೊದಲು ಹಿಡಿಸಲಿಲ್ಲ. ಕಚೇರಿಯ ಜಗಲಿಯ ಮೇಲೆ ಬೆಳಿಗ್ಗೆಯಿಂದ ಜನ ಕೂತಿರುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಅವರಿಗೆ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ. ಪುಕ್ಕಟೆಯೇ. ನನ್ನ ಇಂಗ್ಲಿಷನ್ನು ಜನ ಬಾಯಿಬಿಟ್ಟು ಕೇಳುವುದೇ ನನಗೆ ಸಾಕಾಗಿತ್ತು.

ಹಾಗೆ ಬಂದವಳು ಸೊಕ್ಕೆಯ ಈರಮ್ಮ. ಐವತ್ತರ ಆಸುಪಾಸಿನ ಹೆಂಗಸು, ಗಂಡ ಇರಲಿಲ್ಲ, ಕುರಿ ಕಾಯುವ ಮನೆತನ. ಒಬ್ಬನೇ ಮಗ ಮೈಲಾರಪ್ಪ ದಂಡಿಗೆ ಸೇರಿದ್ದ. ಮಲಯದ ಕಡೆಗೆ ಹೋಗಿದ್ದೇನೆ ಎಂದು ಯಾರಿಂದಲೋ ಬರೆಸಿದ ಒಂದು ಕಾಗದ ಬಂದಿತ್ತು. ಸಿಂಗಪುರ ಜಪಾನಿಯರ ಕೈಗೆ ಬಿದ್ದ ಸುದ್ದಿ ಜಗಳೂರಿನ ಸಂತೆಗೂ ಬಂದು ಹಳೆಯದಾಗಿತ್ತು. ಆಮೇಲೆ ಅವನಿಂದ ಏನೂ ಇಲ್ಲ. ಅವನ ದಂಡಿನ ನಂಬರು ಇದ್ದ ಆ ಹಳೇ ಕಾಗದವನ್ನು ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಮಗ ಬದುಕಿದ್ದಾನೋ ಇಲ್ಲವೋ ತಿಳಿಯಬೇಕು.

ಆದರೆ ಆ ಮಾತನ್ನು ಅವಳು ಹೇಳಲಿಲ್ಲ. ಸೈನ್ಯದ ದಾಖಲೆ ಕಚೇರಿಗೆ ಬರೆಯೋಣ ಎಂದು ನಾನು ಕಾಗದ ತೆಗೆದಾಗ ಅವಳು ಕೈ ಅಡ್ಡ ಹಿಡಿದಳು.

"ಕೆಟ್ಟ ಮಾತು ಒಂದೂ ಬರೀಬ್ಯಾಡ್ರಿ ಸಾಮಿ. ಅದಾನೋ ಇಲ್ಲೋ ಅಂತ ಕೇಳಬ್ಯಾಡ್ರಿ. ಕೇಳಿದ್ರೆ ಹಂಗೇ ಆಗಿಬಿಡ್ತೈತೆ."

"ಹಂಗಂತ ಕೇಳ್ತೀನಾ ಈರಮ್ಮಾ? ನಂಗಷ್ಟು ತಿಳಿಯಲ್ವಾ?" ಎಂದೆ.

ನನಗೂ ಅದು ಸರಿ ಎಂದೇ ಕಂಡಿತು. ನಮ್ಮ ಮನೆಗಳಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ದೀಪ ಆರಿಸು ಎಂದರೆ ನಮ್ಮವ್ವ ಬಾಯಿಯ ಮೇಲೆ ಹೊಡೆಯುತ್ತಿದ್ದಳು, ಶಾಂತ ಮಾಡು ಎನ್ನಬೇಕು. ಹಾಗೆ ಬೆಳೆದವನು ಒಬ್ಬ ತಾಯಿಯ ಎದುರು ಕೂತು, ಅವಳ ಮಗ ಸತ್ತನೇ ಎಂದು ಹೇಗೆ ಬರೆಯಲಿ? ಅದಕ್ಕೆ ಕೆಂಪು ರಟ್ಟಿನ ಪುಸ್ತಕ ಇತ್ತಲ್ಲ. ಅದರಿಂದ ಒಳ್ಳೊಳ್ಳೆಯ ಮಾತುಗಳನ್ನು ಹೆಕ್ಕಿದೆ. ಈ ವೃದ್ಧ ಮಾತೆಯು ತನ್ನ ಪ್ರಿಯ ಪುತ್ರನ ಪತ್ರಗಳ ಆನಂದದಿಂದ ಬಹುಕಾಲ ವಂಚಿತಳಾಗಿದ್ದಾಳೆ, ಅವನ ಕ್ಷೇಮದ ಮಧುರ ವಾರ್ತೆಗಾಗಿ ಚಾತಕದಂತೆ ಕಾದಿದ್ದಾಳೆ ಎಂದೆಲ್ಲ ಮೂರು ಪುಟ ಬರೆದೆ. ಕನ್ನಡದಲ್ಲಿ ಅರ್ಥ ಹೇಳಿದಾಗ ಅವಳು ಕಣ್ಣೊರೆಸಿಕೊಂಡಳು. ಜಗಲಿಯ ಮೇಲಿದ್ದ ನಾಲ್ಕು ಜನರೂ ಒರೆಸಿಕೊಂಡರು.

ಎರಡು ತಿಂಗಳಿಗೆ ಉತ್ತರ ಬಂತು. ಅಚ್ಚು ಹಾಕಿದ ಒಂದು ಕಾರ್ಡು. ಯುದ್ಧದ ಕಾರಣ ಅಂಚೆ ತಡವಾಗುತ್ತಿದೆ, ತಾಳ್ಮೆಯಿಂದಿರಿ ಎಂದಿತ್ತು.

ಅದು ಒಳ್ಳೆಯ ಸುದ್ದಿಯೋ ಕೆಟ್ಟದೋ ನಮಗಿಬ್ಬರಿಗೂ ತಿಳಿಯಲಿಲ್ಲ. ಐದಾರು ತಿಂಗಳು ಕಳೆದು ಎರಡನೇ ಕಾಗದ ಬರೆದೆ, ನಾಲ್ಕು ಪುಟ. ಅದೇ ಕಾರ್ಡು ಬಂತು. ಮತ್ತೆ ಅಷ್ಟೇ ದಿನ ಕಾದು ಮೂರನೆಯದನ್ನು ಬರೆದೆ. ಅದರಲ್ಲಿ ನನ್ನ ವಿದ್ಯೆಯನ್ನೆಲ್ಲ ಸುರಿದಿದ್ದೆ, ಜೊತೆಯ ಗುಮಾಸ್ತರಿಗೆ ಓದಿ ಹೇಳಿದ್ದೆ. ಮತ್ತೆ ಅದೇ ಕಾರ್ಡು. ಈರಮ್ಮ ಮೂರನ್ನೂ ಒಂದರ ಮೇಲೊಂದಿಟ್ಟು ಸೆರಗಿಗೆ ಕಟ್ಟಿಕೊಂಡಳು. ಸೊಕ್ಕೆಯಿಂದ ಜಗಳೂರಿಗೆ ಎಷ್ಟು ಸಲ ನಡೆದಳೋ. ಬಂದಾಗಲೆಲ್ಲ ನನ್ನ ಮುಖ ನೋಡುವಳು. ನಾನು ತಲೆ ಅಲ್ಲಾಡಿಸಿದರೆ ಎದ್ದು ಹೋಗುವಳು.

ಇಷ್ಟರಲ್ಲಿ ಹಳೇ ಅಮಲ್ದಾರರು ಹೋಗಿ ಸುಬ್ಬರಾಯರು ಎಂಬುವರು ಬಂದರು. ಮೈಸೂರಿನ ಕಡೆಯವರು, ತೆಳ್ಳಗೆ, ಮಾತು ಕಡಿಮೆ. ಮೊದಲ ವಾರವೇ ನನ್ನ ಒಂದು ಕರಡನ್ನು ಹಿಡಿದು ಕರೆದರು. ಜಿಲ್ಲಾ ಕಚೇರಿಗೆ ಕಳಿಸಬೇಕಾದ ಒಂದು ಪಟ್ಟಿಯನ್ನು ನಾನು ಮರೆತು ಇಪ್ಪತ್ತು ದಿನ ತಡ ಮಾಡಿದ್ದೆ. ತಡವಾದದ್ದಕ್ಕೆ ವಿಷಾದಿಸಲಾಗಿದೆ ಎಂದು ಬರೆದಿದ್ದೆ.

"ತಡ ಆಯ್ತು ಅಂತೀರಿ. ಅದು ತಾನಾಗೇ ಆಯ್ತೇ? ಮಳೆ ಬಂದ ಹಾಗೆ?"

"ಇಲ್ಲ ಸರ್."

"ಮತ್ತೆ ಮಾಡಿದ್ದು ಯಾರು?"

"ನಾನೇ ಸರ್."

"ಹಾಗಂತ ಬರೀರಿ. ನಮ್ಮ ಗುಮಾಸ್ತರು ಮರೆತರು, ಇವತ್ತು ಕಳಿಸಿದ್ದೇವೆ. ಮುಗೀತು. ಓದುವವನಿಗೆ ನಿಮ್ಮ ವಿಷಾದ ಕಟ್ಟಿಕೊಂಡು ಏನಾಗಬೇಕು?"

ನನಗೆ ಉರಿದುಹೋಯಿತು. ಇವರಿಗೆ ಇಂಗ್ಲಿಷೇ ಬರುವುದಿಲ್ಲ ಎಂದುಕೊಂಡೆ. ಅವರಿಗೆ ನನ್ನ ಯೋಗ್ಯತೆ ತೋರಿಸಬೇಕೆಂದೇ, ಮಾರನೇ ದಿನ ಈರಮ್ಮನ ಮೂರು ಕಾಗದಗಳ ನಕಲನ್ನು ಒಯ್ದು ಅವರ ಮೇಜಿನ ಮೇಲಿಟ್ಟೆ. "ಬಡ ಹೆಂಗಸು ಸರ್, ಮಗ ಮಲಯದಲ್ಲಿದ್ದ. ಎಷ್ಟು ಬರೆದರೂ ಉತ್ತರ ಸರಿಯಾಗಿ ಬರುತ್ತಿಲ್ಲ. ತಾವೊಮ್ಮೆ ನೋಡಬೇಕು" ಎಂದೆ.

ಅವರು ಅಷ್ಟೂ ಪುಟಗಳನ್ನು ಬಿಡದೆ ಓದಿದರು. ನಾನು ಹೊಗಳಿಕೆಗಾಗಿ ಕಾದು ನಿಂತಿದ್ದೆ. ಓದಿ ಮುಗಿಸಿ ಕನ್ನಡಕ ತೆಗೆದರು.

"ಇದರಲ್ಲಿ ಪ್ರಶ್ನೆ ಎಲ್ಲಿದೆ?"

"ಸರ್?"

"ಆ ಹೆಂಗಸಿಗೆ ಏನು ತಿಳೀಬೇಕು?"

"ಮಗ... ಹೇಗಿದ್ದಾನೆ ಅಂತ."

"ಹೇಗಿದ್ದಾನೆ ಅಂತಲೋ, ಇದ್ದಾನೋ ಇಲ್ಲವೋ ಅಂತಲೋ?"

ಅವರು ಮೂರೂ ಕಾಗದಗಳನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಕಾಗದ ಬಂದಿಲ್ಲ, ಕಾಗದ ಬಂದಿಲ್ಲ ಅಂತ ಮೂರು ಸಲ ಬರೆದಿದ್ದೀರಿ. ಅವರು ಅಂಚೆಯ ಮೇಲೆ ದೂರು ಅಂದುಕೊಂಡು ಅದಕ್ಕೆ ಇಟ್ಟಿರೋ ಕಾರ್ಡು ಕಳಿಸಿದ್ದಾರೆ. ಅವರ ತಪ್ಪೇನ್ರೀ? ನೀವು ಕೇಳಲೇ ಇಲ್ಲವಲ್ಲ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಮೆತ್ತಗೆ ಹೊಡೆದಿಲ್ಲ. ಜಾಗಕ್ಕೆ ಬಂದು ಕೂತೆ, ಕೆಲಸ ಓಡಲಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನನ್ನ ಮಾತು ಕೆಡಿಸಿದ್ದು ಬೇರೆಯವರ ಮನೆ.

ಮುಂದಿನ ಸಂತೆಯ ದಿನ ಈರಮ್ಮ ಬಂದಳು. ನಾನು ವಿಷಯ ಹೇಳಿದೆ. ಕೇಳಲೇಬೇಕು, ಬೇರೆ ದಾರಿಯಿಲ್ಲ ಎಂದೆ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ನನ್ನನ್ನು ಬೈಯುತ್ತಿದ್ದರು. ಅವಳು ಸೆರಗಿನ ಗಂಟು ಬಿಚ್ಚಿ ಆ ಹಳೇ ಕಾಗದವನ್ನು ನನ್ನ ಮುಂದಿಟ್ಟಳು.

"ನಾನು ಹೊರಗ್ ಹೋಗಿ ಕುಂದರ್ತೀನಿ. ನೀವು ಬರಕಳ್ರಿ. ನಂಗೆ ಓದಿ ಹೇಳಬ್ಯಾಡ್ರಿ."

ಎದ್ದು ಹೋಗಿ ಬೇವಿನ ಮರದ ಕೆಳಗೆ, ಕಚೇರಿಗೆ ಬೆನ್ನು ಮಾಡಿ ಕೂತಳು. ನಾನು ಮೊದಲ ಸಾಲಿನಲ್ಲಿ ಅವನ ಹೆಸರು, ನಂಬರು, ಊರು ಬರೆದೆ. ಎರಡನೇ ಸಾಲಿನಲ್ಲಿ, ಈತ ಬದುಕಿದ್ದಾನೆಯೇ, ಸತ್ತಿದ್ದಾನೆಯೇ, ಸೆರೆಯಲ್ಲಿದ್ದಾನೆಯೇ, ತಾಯಿಗೆ ತಿಳಿಸಿ ಎಂದು ಬರೆದೆ. ಇಡೀ ನೌಕರಿಯಲ್ಲಿ ನಾನು ಬರೆದ ಅತಿ ಸಣ್ಣ ಕಾಗದ ಅದು, ಬರೆಯಲು ಅತಿ ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಆವತ್ತು ನನಗೆ ಗೊತ್ತಾಯಿತು, ಉದ್ದುದ್ದ ಇಂಗ್ಲಿಷ್ ಬರೆದದ್ದು ಬರೀ ಜಂಬಕ್ಕಲ್ಲ. ನನಗೆ ಭಯವಿತ್ತು.

ಹೆಬ್ಬೆಟ್ಟು ಒತ್ತುವಾಗ ಈರಮ್ಮ ಮುಖ ಆಚೆ ತಿರುಗಿಸಿಕೊಂಡಳು. ಓದು ಬಾರದವಳು, ಇಂಗ್ಲಿಷಂತೂ ದೂರದ ಮಾತು. ಆದರೂ ಕಾಗದದ ಕಡೆ ನೋಡಲಿಲ್ಲ.

ಹತ್ತೊಂಬತ್ತನೇ ದಿನಕ್ಕೆ ಉತ್ತರ ಬಂತು. ಟೈಪ್ ಮಾಡಿದ ಐದು ಸಾಲು. ಬದುಕಿದ್ದಾನೆ, ಜಪಾನಿಯರ ಸೆರೆಯಲ್ಲಿದ್ದಾನೆ. ಈ ವಿಷಯವನ್ನು ವರ್ಷದ ಹಿಂದೆಯೇ ನಿಮ್ಮ ಹಳ್ಳಿಗೆ ತಿಳಿಸಿದ್ದೆವು, ವಿಳಾಸದಾರರು ಊರಲ್ಲಿಲ್ಲ ಎಂದು ಕಾಗದ ಮರಳಿ ಬಂತು. ಅವನಿಗೆ ಕಾರ್ಡು ಬರೆಯಬಹುದು. ಇಂಗ್ಲಿಷಿನಲ್ಲಿರಬೇಕು, ಇಪ್ಪತ್ತೈದು ಪದ ಮೀರಬಾರದು. ಅವರ ಆ ಕಾಗದ ಹಳ್ಳಿಗೆ ಬಂದಾಗ ಈರಮ್ಮ ಕುರಿ ಹಿಂಡಿನ ಜೊತೆ ಹೊಳೆಯ ದಿಕ್ಕಿಗೆ ಹೋಗಿದ್ದಿರಬೇಕು. ಬೇಸಿಗೆಯಲ್ಲಿ ಅವರ ಮನೆಗಳಿಗೆಲ್ಲ ಬೀಗ. ಆ ವರ್ಷದಿಂದ ಈಚೆಗೆ ನಾನು ಯಾವ ಕಾಗದದಲ್ಲಿ ಒಂದು ಸಾಲು ಕೇಳಿದ್ದರೂ ಅವರು ಹೇಳಿರುತ್ತಿದ್ದರು.

ಸೊಕ್ಕೆಗೆ ನಾನೇ ಹೋದೆ. ಮನೆಯ ಮುಂದೆ ಉಣ್ಣೆ ಹಿಂಜುತ್ತ ಕೂತಿದ್ದಳು. ದೂರದಿಂದಲೇ, "ಅದಾನೆ ಈರಮ್ಮಾ!" ಎಂದು ಕೂಗಿಬಿಟ್ಟೆ. ಅವಳು ಉಣ್ಣೆಯಲ್ಲಿ ಮುಖ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಕಾರ್ಡಿನ ವಿಷಯ ಹೇಳಿದೆ. ಇಪ್ಪತ್ತೈದು ಪದ ಎಂದರೆ ಎಷ್ಟು ಎಂದು ಕೇಳಿದಳು. ಒಳಗಿನಿಂದ ಹುಣಸೆ ಬೀಜ ತರಿಸಿ ಇಪ್ಪತ್ತೈದು ಎಣಿಸಿ ಅವಳ ಮುಂದೆ ಸುರಿದೆ. "ಒಂದು ಪದಕ್ಕೆ ಒಂದು ಬೀಜ. ಇವು ಮುಗಿದರೆ ಮುಗೀತು" ಎಂದೆ. ಕೆಂಪು ರಟ್ಟಿನ ಪುಸ್ತಕದ ಬೆನ್ನಿನ ಖಾಲಿ ಹಾಳೆ ತೆಗೆದು, ರೂಢಿಯಂತೆ ನನ್ನ ಪ್ರೀತಿಯ ಪುತ್ರನೇ ಎಂದು ಶುರು ಮಾಡಲು ಹೋದೆ.

"ಅದ್ಯಾಕೆ? ಅವಂಗೆ ಗೊತ್ತಿಲ್ಲೇನು?" ಎಂದಳು ಈರಮ್ಮ. "ಮೊದ್ಲು ನಾನು ಅದೀನಿ ಅಂತ ಬರಿರಿ. ಅವನೂ ಕೇಳಾಕೆ ಅಂಜಿರ್ತಾನೆ."

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳು ಬೀಜಗಳನ್ನು ನೋಡುತ್ತಿದ್ದಳು. ಹೇಳುತ್ತ ಹೋದಳು, ನಾನು ಇಂಗ್ಲಿಷ್ ಮಾಡಿ ಒಂದೊಂದು ಪದಕ್ಕೆ ಒಂದೊಂದು ಬೀಜ ಸರಿಸುತ್ತ ಹೋದೆ. ಅವ್ವ ಬದುಕಿದ್ದಾಳೆ. ಮನೆ ನಿಂತಿದೆ. ಕರೇ ಕುರಿ ಎರಡು ಮರಿ ಹಾಕಿತು. ನಿನ್ನ ಕಂಬಳಿ ನೇಯ್ದು ಇಟ್ಟಿದೆ. ಕೊಟ್ಟಿದ್ದನ್ನು ತಿನ್ನು. ಮನೆಗೆ ಬಾ. ಇಪ್ಪತ್ತೆರಡು ಪದಗಳಾದವು. ಮೂರು ಬೀಜ ಉಳಿದವು. ಇನ್ನೇನಾದರೂ ಸೇರಿಸೋಣವೇ ಎಂದೆ.

"ಸಾಕು. ಅವು ಇರ್ಲಿ. ಬಂದ ಮ್ಯಾಲೆ ನಾನೇ ಹೇಳ್ತೀನಿ" ಎಂದು ಮೂರು ಬೀಜಗಳನ್ನು ಸೆರಗಿಗೆ ಕಟ್ಟಿಕೊಂಡಳು.

ಆ ಪುಸ್ತಕವನ್ನು ನಾನು ಆಮೇಲೆ ತೆರೆಯಲಿಲ್ಲ. ಸುಬ್ಬರಾಯರು ಇದ್ದಷ್ಟು ದಿನವೂ, ಅವರು ವರ್ಗವಾಗಿ ಹೋದ ಮೇಲೂ, ಪತ್ರದ ಮೊದಲ ಸಾಲಿನಲ್ಲೇ ಬೇಕಾದದ್ದನ್ನು ಬರೆದೆ. ಮೇಲಿನವರು ಕೆಲವರು ಇವನಿಗೆ ವಿನಯವಿಲ್ಲ ಎಂದರು. ಕೆಲಸ ಮಾತ್ರ ಆಗುತ್ತಿತ್ತು.

ಯುದ್ಧ ಮುಗಿದ ಮಾರನೇ ವರ್ಷ ಒಂದು ಮಧ್ಯಾಹ್ನ ಈರಮ್ಮ ಕಚೇರಿಯ ಜಗಲಿಗೆ ಬಂದಳು. ಜೊತೆಗೆ ಒಬ್ಬ ಮನುಷ್ಯ. ಹೆಗಲ ಮೇಲೆ ಹೊಸ ಕಂಬಳಿ, ಅದರೊಳಗೆ ಬರೀ ಎಲುಬು. ಮೈಲಾರಪ್ಪ ಎಂದು ಅವಳು ಹೇಳುವ ಮೊದಲೇ ತಿಳಿಯಿತು. ಅವನು ನನ್ನ ಕಾಲು ಮುಟ್ಟಲು ಬಗ್ಗಿದ, ನಾನು ಹಿಡಿದುಕೊಂಡೆ.

"ಇವ ನಿಮ್ಮ ಕಾಗದ ಬಾಯಿಪಾಠ ಮಾಡ್ಯಾನೆ. ಹೇಳೋ ಮಗಾ" ಎಂದಳು ಈರಮ್ಮ.

ಅವನು ಶಾಲೆಯ ಮಕ್ಕಳಂತೆ ನೆಟ್ಟಗೆ ನಿಂತ. "ಮದರ್ ಈಸ್ ಅಲೈವ್. ಹೌಸ್ ಸ್ಟ್ಯಾಂಡ್ಸ್." ಹೀಗೆ ಇಪ್ಪತ್ತೆರಡು ಪದಗಳನ್ನೂ ಒಂದೂ ಬಿಡದೆ ಒಪ್ಪಿಸಿದ. ಇಂಗ್ಲಿಷ್ ಬಲ್ಲ ಒಬ್ಬ ಜೊತೆಗಾರ ದಿನಾ ಸಂಜೆ ಓದಿ ಹೇಳುತ್ತಿದ್ದನಂತೆ. ಕಾರ್ಡು ಹರಿದುಹೋದ ಮೇಲೆ ಇವನೇ ಹೇಳಿಕೊಳ್ಳುತ್ತಿದ್ದನಂತೆ.

ಈರಮ್ಮ ನೀರು ಕುಡಿಯಲು ಆಚೆ ಹೋದಳು. ಮೈಲಾರಪ್ಪ ನನ್ನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದ.

"ಸಾಮಿ, ಇದನ್ನ ಅವ್ವಂಗೆ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ. ಅಲ್ಲಿ ನಮ್ಮೋರಿಗೆಲ್ಲ ಮೊದಲ್ನೇ ಸಲ ಕಾರ್ಡು ಬಂದ್ವು. ಒಬ್ಬೊಬ್ಬರ ಹೆಸರು ಕೂಗಿ ಕೊಟ್ರು. ನನ್ನ ಹೆಸರು ಕೂಗಲಿಲ್ಲ. ಇನ್ನೊಂದ್ ಸಲಾನೂ ಹಂಗೇ ಆತು. ಅವ್ವ ಹೋದ್ಲು ಅಂತ ತಿಳಕಂಡೆ. ಅವ್ವ ಇದ್ದಿದ್ರೆ ಯಾರ ಕಾಲನ್ನಾದ್ರೂ ಹಿಡಿದು ಬರಸ್ತಿದ್ಲು. ನಾನು ತಲಿ ಬೋಳಿಸ್ಕಂಡು, ಎರಡು ಹಿಡಿ ಅನ್ನ ಕಾಗಿಗಿಟ್ಟು ಕಾರ್ಯ ಮಾಡ್ಬಿಟ್ಟೆ ಸಾಮಿ. ಅದಾಗಿ ಆರು ತಿಂಗಳಿಗೆ ಈ ಕಾರ್ಡು ಬಂತು."

ಹೊರಗೆ ಈರಮ್ಮ ಬೊಗಸೆ ಹಿಡಿದು ನೀರು ಕುಡಿಯುತ್ತಿದ್ದಳು.

"ಯಾಕ್ ಅಷ್ಟು ತಡ ಆತ್ರಿ ಸಾಮಿ?" ಎಂದು ಕೇಳಿದ. ಅವನ ಮಾತಿನಲ್ಲಿ ಆಪಾದನೆಯೇನೂ ಇರಲಿಲ್ಲ, ತಿಳಿದುಕೊಳ್ಳಬೇಕು ಎಂದಷ್ಟೇ ಕೇಳಿದ.

"ಯುದ್ಧದ ಕಾಲ ಅಲ್ವೇನಪ್ಪಾ, ಅಂಚೆ ತಡ ಆಗ್ತಿತ್ತು" ಎಂದೆ.

ಆ ಅಚ್ಚಿನ ಕಾರ್ಡಿನಲ್ಲಿದ್ದ ಮಾತೇ ನನ್ನ ಬಾಯಿಂದ ಬಂತು. ಅವನು ಹೌದು ಎಂದು ತಲೆಯಾಡಿಸಿದ. ಅವ್ವನ ಹಿಂದೆ ಕಂಬಳಿ ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದು ಹೋದ.

ಅವರಿಬ್ಬರೂ ಈಗಿಲ್ಲ. ಅಂಚೆ ತಡ ಆಗ್ತಿತ್ತು ಎಂಬ ಆ ಸಾಲನ್ನು ಸುಬ್ಬರಾಯರು ನೋಡಿದ್ದರೆ ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಏನು ಕೇಳುತ್ತಿದ್ದರೆಂದು ನನಗೆ ಗೊತ್ತು. ನನ್ನ ಮೊಮ್ಮಗಳೂ ಅವಳಂತೆ ಹೊಸದಾಗಿ ಕೆಲಸಕ್ಕೆ ಸೇರುವವರೂ ಓದಲಿ ಎಂದು ಆ ಸಾಲನ್ನು ಈಗ ತಿದ್ದಿ ಬರೆಯುತ್ತಿದ್ದೇನೆ.

ತಡ ಮಾಡಿದವನು ನಾನು, ಮೈಲಾರಪ್ಪ.